ಗಂಜಿನ ಮುನೀಮರ ಎದೆಬಡಿತ: ಒಂದು ಪ್ಯಾನಿಕ್ ಪ್ರಕರಣ

ಇವರು ಕಲಬುರಗಿಯ ಗಂಜ್‌ನಲ್ಲಿ, ಅಂದರೆ ಧಾನ್ಯದ ಸಗಟು ಮಾರುಕಟ್ಟೆಯಲ್ಲಿ, ಒಂದು ದಲಾಲಿ ಅಂಗಡಿಯ ಮುನೀಮರು, ಲೆಕ್ಕ ಬರೆಯುವವರು. ವಯಸ್ಸು 47. ತೊಗರಿ ಸೀಸನ್ ಶುರುವಾದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಚೀಲ, ತೂಕ, ರೈತರ ಲೆಕ್ಕ. ನನ್ನ ಹತ್ತಿರ ಬರುವ ಹೊತ್ತಿಗೆ ಇಸಿಜಿ, ಎಕೋ, ಟ್ರೆಡ್‌ಮಿಲ್ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲ ಆಗಿತ್ತು. ಹೃದಯ ಚೆನ್ನಾಗಿದೆ ಅಂತಲೇ ಎಲ್ಲದರಲ್ಲೂ ಬಂದಿತ್ತು. ಆದರೂ ವಾರಕ್ಕೆ ಎರಡು ಮೂರು ಸಲ ಎದೆ ಹಿಡಿದುಕೊಂಡು, ಮೈಯೆಲ್ಲ ಬೆವೆತು, ಕೈಬೆರಳು ಜುಮು ಹಿಡಿದು, "ನಾ ಉಳಿಯಂಗಿಲ್ಲ" ಅಂತ ಹೆಂಡತಿಯ ಕೈ ಹಿಡಿದುಕೊಳ್ಳುತ್ತಿದ್ದರು. ಹೀಗೆ ಒಮ್ಮೆಲೇ ಏರಿ ಬರುವ ಹೆದರಿಕೆಗೇ ಪ್ಯಾನಿಕ್ ಅನ್ನುತ್ತಾರೆ.

ಈ ಪ್ರಕರಣ ಬರೆಯಲು ಅವರು ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ, ಬರೆದದ್ದನ್ನು ಅವರಿಗೆ ಓದಿ ಹೇಳಿದ್ದೇನೆ. ಬರೆಯುವುದಕ್ಕೆ ಕಾರಣ ಇದೆ. ನಮ್ಮ ಕಡೆ ಸೈಕೋಥೆರಪಿ ಅಂದರೆ ಬುದ್ಧಿ ಹೇಳುವುದು, ಧೈರ್ಯ ತುಂಬುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಈ ಮುನೀಮರಿಗೆ ಬುದ್ಧಿ ಹೇಳಿದವರಿಗೆ ಲೆಕ್ಕವೇ ಇಲ್ಲ. ಧೈರ್ಯವಂತೂ ದಿನಾ ಸಿಗುತ್ತಿತ್ತು. ಯಾವುದೂ ನಾಟಲಿಲ್ಲ. ಹೆದರಿಕೆ ಹೇಳುವ ಮಾತನ್ನು ಒಟ್ಟಿಗೆ ಕೂತು ಪರೀಕ್ಷೆ ಮಾಡಿ ನೋಡುವುದೇ ಥೆರಪಿಸ್ಟ್‌ನ ಮುಖ್ಯ ಕೆಲಸ ಅಂತ ನಾನು ನಂಬಿದ್ದೇನೆ. ಅದು ಹೇಗೆ ನಡೆಯುತ್ತದೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲ ಭೇಟಿ

ಹೆಂಡತಿ ಜೊತೆ ಬಂದಿದ್ದರು. ಬಾಗಿಲ ಹತ್ತಿರದ ಕುರ್ಚಿ ಹಿಡಿದರು. ಕೂತವರೇ ಕೇಳಿದರು: "ಮೇಡಂರೀ, ತಪ್ಪು ತಿಳೀಬ್ಯಾಡ್ರಿ. ನೀವು ಡಾಕ್ಟರ್ ಹೌದೋ ಅಲ್ಲೋ? ಗುಳಗಿ ಬರಿಯಂಗಿಲ್ಲಂತ. ಮತ್ತ ಏನ್ ಮಾಡ್ತೀರಿ?"

ಹೆಂಡತಿ ಮುಜುಗರದಿಂದ ಅವರ ತೋಳು ಚಿವುಟಿದರು. ನನಗೆ ಮಾತ್ರ ಈ ಪ್ರಶ್ನೆ ಬಹಳ ಇಷ್ಟ. ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ಮನಸ್ಸಿನೊಳಗಿನ ಮಾತನ್ನೆಲ್ಲ ಒಬ್ಬರ ಮುಂದೆ ಬಿಚ್ಚುವ ಮೊದಲು ಅವರು ಎಲ್ಲಿ ಏನು ಕಲಿತಿದ್ದಾರೆ ಅಂತ ತಿಳಿದುಕೊಳ್ಳಬೇಕಲ್ವಾ?

ನಾನು ಹೇಳಿದೆ: ನಾನು ಎಂಬಿಬಿಎಸ್ ಡಾಕ್ಟರ್ ಅಲ್ಲ. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದ್ದು ಇಲ್ಲೇ, ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ. ಆಮೇಲೆ ಕ್ಲಿನಿಕಲ್ ಸೈಕಾಲಜಿಯಲ್ಲಿ ಎರಡು ವರ್ಷದ ಎಂ.ಫಿಲ್. ಆ ಎರಡು ವರ್ಷ ಪೂರ್ತಿ ಆಸ್ಪತ್ರೆಯಲ್ಲೇ, ವಾರ್ಡಿನ ರೋಗಿಗಳ ಜೊತೆ, ಹಿರಿಯರ ಕಣ್ಣೆದುರು ಕಲಿಯುವುದು. ಅದು ಮುಗಿದ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. 1992ರ ಕಾಯ್ದೆಯಡಿ ನಡೆಯುವ ಸಂಸ್ಥೆ ಅದು. ನನ್ನ ನೋಂದಣಿ ನಂಬರ್ ಗೋಡೆಯ ಮೇಲಿದೆ, ಬೇಕಾದರೆ ಬರೆದುಕೊಂಡು ಹೋಗಿ ವಿಚಾರಿಸಿ. ಗುಳಿಗೆ ಬರೆಯುವುದು ಮನೋವೈದ್ಯರ ಕೆಲಸ. ನಿಮಗೆ ಗುಳಿಗೆಯೂ ಬೇಕಾಗಬಹುದು, ಆಗ ಅವರ ಹತ್ತಿರ ಕಳಿಸುತ್ತೇನೆ. ಇಬ್ಬರೂ ಸೇರಿ ಕೆಲಸ ಮಾಡುತ್ತೇವೆ.

ಅವರು ನಿಜಕ್ಕೂ ನಂಬರ್ ಬರೆದುಕೊಂಡರು. ಲೆಕ್ಕದ ಮನುಷ್ಯ!

ಗೋಪ್ಯತೆಯ ಬಗ್ಗೆಯೂ ಅವತ್ತೇ ಹೇಳಿದೆ. ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇದನ್ನು ರೋಗಿಯ ಹಕ್ಕು ಅಂತಲೇ ಹೇಳುತ್ತದೆ. ಜೀವಕ್ಕೆ ಅಪಾಯ ಇದೆ ಅನಿಸಿದಾಗ ಮಾತ್ರ ಮನೆಯವರಿಗೆ ತಿಳಿಸಬೇಕಾಗುತ್ತದೆ. ಗಂಜ್ ಅಂದರೆ ಎಲ್ಲರಿಗೆ ಎಲ್ಲರೂ ಗೊತ್ತಿರುವ ಜಾಗ. ಸುದ್ದಿ ಹೊರಗೆ ಹೋದರೆ ಮುನೀಮನ ತಲೆ ಕೆಟ್ಟಿದೆ ಅಂತ ಮಾತಾಡುತ್ತಾರೆ, ಅಂಥವನ ಕೈಗೆ ಯಾರು ರೊಕ್ಕ ಕೊಡುತ್ತಾರೆ ಅನ್ನೋ ಚಿಂತೆ ಅವರಿಗಿತ್ತು. ಈ ಮಾತು ಕೇಳಿದ ಮೇಲೆಯೇ ಬೆನ್ನು ಕುರ್ಚಿಗೆ ತಾಗಿಸಿ ಕೂತರು.

ಏನಾಗಿತ್ತು

ಮೊದಲ ಸಲ ಆಗಿದ್ದು ಒಂದು ವರ್ಷದ ಹಿಂದೆ, ಜನವರಿಯಲ್ಲಿ. ಹೊಸ ತೊಗರಿ ಗಂಜಿಗೆ ಬರುವ ಕಾಲ. ರಾತ್ರಿ ನಿದ್ದೆ ಇಲ್ಲ, ಹೊಟ್ಟೆಗೆ ಏನೂ ಇಲ್ಲ, ಬೆಳಿಗ್ಗೆಯಿಂದ ಐದಾರು ಕಪ್ ಚಹಾ ಮಾತ್ರ. ಆಳಂದಕ್ಕೆ ಹೋಗುವ ಬಸ್ಸಿನಲ್ಲಿ ನಿಂತಿದ್ದರು. ಎದೆ ಒಮ್ಮೆಲೇ ಡವಡವ ಬಡಿಯಿತು. ಉಸಿರು ಸಾಲದಂತಾಯಿತು. ಬಸ್ ನಿಲ್ಲಿಸಿ ಇಳಿಸಿದರು. ರಸ್ತೆ ಬದಿಗೆ ಕೂತು ಸ್ವಲ್ಪ ಹೊತ್ತಿಗೆ ಕಡಿಮೆಯಾಯಿತು. ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋದರು. ಇಸಿಜಿ ನಾರ್ಮಲ್.

ಅಲ್ಲಿಂದ ಒಂದೊಂದೇ ಬಿಡುತ್ತಾ ಬಂದರು. ಮೊದಲು ಬಸ್ ಬಿಟ್ಟರು. ಆಮೇಲೆ ಗಂಜಿನಲ್ಲಿ ಸವಾಲು, ಅಂದರೆ ಹರಾಜು, ನಡೆಯುವ ಜಾಗ, ಯಾಕಂದರೆ ಅಲ್ಲಿ ಗದ್ದಲ. ಮದುವೆ ಊಟ ಬಿಟ್ಟರು. ಶರಣಬಸವೇಶ್ವರ ಗುಡಿಗೆ ಹೋದರೂ ಒಳಗೆ ಹೋಗದೆ ಹೊರಗಿನಿಂದಲೇ ಕೈ ಮುಗಿದು ಬರುತ್ತಿದ್ದರು. ಮೆಟ್ಟಿಲು ಹತ್ತುವುದು ಬಿಟ್ಟರು. ಎದೆ ಜೋರಾಗಿ ಬಡಿಯುವ ಯಾವ ಕೆಲಸವೂ ಬೇಡ ಅಂತ ಹೆಂಡತಿಯಿಂದಲೂ ದೂರ ಮಲಗಿದರು. ಇದನ್ನು ಹೇಳಲು ಅವರಿಗೆ ಹಲವು ವಾರ ಬೇಕಾಯಿತು.

ಬಿಟ್ಟಿದ್ದಕ್ಕಿಂತ ಹಿಡಿದುಕೊಂಡದ್ದು ನನಗೆ ಹೆಚ್ಚು ಮುಖ್ಯವಾಗಿ ಕಂಡಿತು. ಅಂಗಿ ಕಿಸೆಯಲ್ಲಿ ಹಾರ್ಟ್ ಅಟ್ಯಾಕ್ ಆದರೆ ಬೇಕು ಅಂತ ನಾಲಿಗೆ ಕೆಳಗಿಡುವ ಗುಳಿಗೆ. ಕೈಯಲ್ಲಿ ಸದಾ ನೀರಿನ ಬಾಟಲಿ. ಎರಡು ನಿಮಿಷಕ್ಕೊಮ್ಮೆ ಎಡಗೈ ಮಣಿಕಟ್ಟಿನ ಮೇಲೆ ಬಲಗೈ ಬೆರಳು, ನಾಡಿ ನೋಡುವುದು. ಮನೆಯಲ್ಲಿ ಬಿಪಿ ಯಂತ್ರ, ರಾತ್ರಿ ಎದ್ದೆದ್ದು ನೋಡುವುದು. ಯಾರೋ ಹೇಳಿದರು ಅಂತ ಮೆಡಿಕಲ್ ಅಂಗಡಿಯಿಂದ ತಂದ, ಹೆದರಿಕೆ ತಗ್ಗಿಸುವ ಆಲ್‌ಪ್ರಾಜೋಲಂ. ಮೊದಲು ಅರ್ಧ ಗುಳಿಗೆ, ಈಗ ಒಂದು, ಕೆಲವು ದಿನ ಎರಡು.

ಈ ಕೊನೆಯದ್ದು ಕೇಳಿದ ಕೂಡಲೇ ಮನೋವೈದ್ಯರಿಗೆ ಚೀಟಿ ಬರೆದೆ. ಆಲ್‌ಪ್ರಾಜೋಲಂ ಬೇಗ ಅಭ್ಯಾಸ ಆಗಿಬಿಡುವ ಗುಳಿಗೆ. ಆಗ ಹಾಯ್ ಅನಿಸುತ್ತದೆ, ಇಳಿದಾಗ ಹೆದರಿಕೆ ಜಾಸ್ತಿಯಾಗಿ ವಾಪಸ್ ಬರುತ್ತದೆ. ಅಭ್ಯಾಸ ಆದಮೇಲೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಅದಕ್ಕೆ ವೈದ್ಯರೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿಸಬೇಕು. ಮನೋವೈದ್ಯರು ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಜಾಸ್ತಿ ಇದ್ದರೂ ಎದೆ ಹೀಗೇ ಬಡಿಯುತ್ತದೆ. ಅದು ಸರಿಯಾಗಿತ್ತು. ಮೆದುಳಿನ ಸೆರೊಟೋನಿನ್ ಅನ್ನೋ ರಾಸಾಯನಿಕದ ಮೇಲೆ ಕೆಲಸ ಮಾಡುವ ಒಂದು ಗುಳಿಗೆ ಶುರು ಮಾಡಿದರು.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳಿದೆ. 27ಕ್ಕೆ 13 ಬಂತು, ಅಂದರೆ ಮಧ್ಯಮ ಪ್ರಮಾಣ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದ್ದು. ಅದನ್ನು ತೇಲಿಸಿ ಕೇಳಬಾರದು. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅಂತ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದಾಗ ಎಷ್ಟೋ ಜನಕ್ಕೆ ಭಾರ ಇಳಿದಂತಾಗುತ್ತದೆ. ಇವರು ತಲೆ ಅಲ್ಲಾಡಿಸಿದರು: "ಸಾಯ್ಲಿಕ್ಕೇ ಅಂಜ್ತೀನ್ರಿ, ಅದನ್ನ ಯಾಕ ಬಯಸಲಿ?" ಆದರೂ ಟೆಲಿ ಮಾನಸ್‌ನ 14416 ನಂಬರನ್ನು ಹೆಂಡತಿಯ ಮೊಬೈಲಿಗೂ ಹಾಕಿಸಿದೆ. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ ಅದು. ಕನ್ನಡದಲ್ಲಿ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡಬಹುದು.

ತಾಯಿಯವರು ಮಗನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋಗಿ ಬಂದಿದ್ದರು. ಬಂದೇನವಾಜ್ ದರ್ಗಾಕ್ಕೂ ಹೋಗಿದ್ದರು. ಕೈಯಲ್ಲಿ ದಾರ ಇತ್ತು. ನಮ್ಮ ಭಾಗದಲ್ಲಿ ಬಹಳಷ್ಟು ಜನ ನನ್ನಂಥವರ ಹತ್ತಿರ ಬರುವುದು ಅಲ್ಲಿಗೆ ಹೋಗಿ ಬಂದ ಮೇಲೆಯೇ. ಬಿಟ್ಟುಬಿಡಿ ಅಂತ ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನೋಡುವುದು ಒಂದೇ: ಹೆದರಿಕೆ ಬಂದಾಗ ಕೈ ಎಲ್ಲಿಗೆ ಹೋಗುತ್ತದೆ? ಇವರ ಕೈ ದಾರದ ಕಡೆ ಯಾವತ್ತೂ ಹೋಗಲಿಲ್ಲ, ನಾಡಿಯ ಕಡೆ ಹೋಗುತ್ತಿತ್ತು. ದಾರ ತಾಯಿಯ ಸಮಾಧಾನಕ್ಕೆ ಇತ್ತು. ಅದು ಇದ್ದರೆ ಇರಲಿ, ಬಿಪಿ ಯಂತ್ರ ಮಾತ್ರ ಮನೆಯಿಂದ ಹೊರಗೆ ಹೋಗಬೇಕು ಅಂದೆ. ತಾಯಿಯವರು ಅವತ್ತಿನಿಂದ ನನ್ನ ಪರ ಆದರು.

ಕಿರ್ದಿ ಪುಸ್ತಕ

ನಾನು ಹೆಚ್ಚಾಗಿ ಬಳಸುವುದು ಸಿಬಿಟಿ ಅನ್ನೋ ವಿಧಾನ. ಯೋಚನೆ ಮತ್ತು ನಡವಳಿಕೆ ಎರಡನ್ನೂ ಹಿಡಿದು ಮಾಡುವ ಚಿಕಿತ್ಸೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆಗೆ ಅಂತ ಇದಕ್ಕೆ ಬುನಾದಿ ಹಾಕಿದರು. ಪ್ಯಾನಿಕ್ ಹೇಗೆ ಬೆಳೆಯುತ್ತದೆ ಅಂತ 1986ರಲ್ಲಿ ಬ್ರಿಟನ್ನಿನ ಡೇವಿಡ್ ಕ್ಲಾರ್ಕ್ ಬಿಡಿಸಿ ತೋರಿಸಿದರು. ಮೈಯಲ್ಲಿ ಏನೋ ಒಂದು ಸಣ್ಣದು ಆಗುತ್ತದೆ, ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ. ಮನಸ್ಸು ಅದನ್ನು ಹಾರ್ಟ್ ಅಟ್ಯಾಕ್ ಅಂತ ಓದುತ್ತದೆ. ಹೆದರಿಕೆ ಹುಟ್ಟುತ್ತದೆ. ಹೆದರಿಕೆಯಿಂದ ಅಡ್ರಿನಲಿನ್ ಏರುತ್ತದೆ. ಎದೆ ಇನ್ನೂ ಜೋರಾಗುತ್ತದೆ. ಗಾಣದ ಎತ್ತಿನ ಹಾಗೆ ಅದೇ ಸುತ್ತು.

ಇದನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಅವರು ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ. ಸುಮ್ನೆ ತಲೆ ಆಡಿಸುವವರಿಗಿಂತ ಹೀಗೆ ಎದುರು ಕೇಳುವವರ ಜೊತೆ ಕೆಲಸ ಮಾಡುವುದು ನನಗೆ ಇಷ್ಟ. ಮನೆಗೆ ಹೋಗಿ ಒಂದು ಕಿರ್ದಿ ಇಡಿ ಅಂದೆ. ಗಂಜಿನಲ್ಲಿ ದಿನದ ವ್ಯವಹಾರ ಬರೆಯುವಂಥದ್ದೇ, ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕ ತಂದರು. ಎಡಕ್ಕೆ ತಾರೀಖು ಮತ್ತು ಹೊತ್ತು. ಆಮೇಲೆ ಹೆದರಿಕೆ ಏನು ಹೇಳಿತು. ಬಲಕ್ಕೆ, ನಿಜವಾಗಿ ಏನಾಯಿತು.

ಮೂರು ವಾರದ ಕಿರ್ದಿ ನಮ್ಮಿಬ್ಬರ ಮುಂದೆ ಇತ್ತು. ಎಡಗಡೆ ಸಾಲಾಗಿ "ಅಟ್ಯಾಕ್", "ಸತ್ತೆ", "ಇದೇ ಕಡೀದು". ಬಲಗಡೆ ಅದೇ ಮುದ್ದಾದ ಅಕ್ಷರದಲ್ಲಿ "ಕಡಿಮಿ ಆತು", "ಚಹಾ ಕುಡದೆ", "ಅಂಗಡಿಗಿ ಹೋದೆ". ಅವರು ಬಹಳ ಹೊತ್ತು ಪುಟ ತಿರುಗಿಸಿದರು. ಕೊನೆಗೆ, "ಗುಳಗಿ ಕಿಸೇದಾಗ ಇತ್ತಲ್ರಿ, ಅದಕ್ಕ ಉಳಿದೆ" ಅಂದರು. ನಾಲಿಗೆ ಕೆಳಗೆ ಇಟ್ಟಿದ್ದಿರಾ? ಇಲ್ಲ. ಕಿಸೆಯಲ್ಲಿದ್ದ ಗುಳಿಗೆ ಹೃದಯಕ್ಕೆ ಹೇಗೆ ಹೋಯಿತು? ಅವರು ಉತ್ತರ ಕೊಡಲಿಲ್ಲ. ಮುಂದಿನ ವಾರ ಗುಳಿಗೆ ಮನೆಯಲ್ಲಿ ಬಿಟ್ಟು ಬಂದರು.

ಕೋಣೆಯೊಳಗಿನ ಪರೀಕ್ಷೆ

ಹೆದರಿಕೆ ಬಂದಾಗ ಮೈಯಲ್ಲಿ ಆಗುವುದನ್ನು ಕೋಣೆಯೊಳಗೆ ಬೇಕಂತಲೇ ತರಿಸಿ ನೋಡುವ ಪರೀಕ್ಷೆ ಇದು. ಇದಕ್ಕೆ ಮೊದಲು ಹೃದಯದ ವೈದ್ಯರಿಂದ ಬರಹದಲ್ಲಿ ಒಪ್ಪಿಗೆ ತರಿಸಿಕೊಂಡಿದ್ದೆ. ಹೃದಯದ ತೊಂದರೆ, ಆಸ್ತಮಾ, ಫಿಟ್ಸ್ ಇದ್ದವರಿಗೆ, ಬಸಿರಿಯರಿಗೆ ಇದನ್ನು ಹಾಗೇ ಮಾಡಿಸಬಾರದು. ಯಾರೂ ಓದಿಕೊಂಡು ಮನೆಯಲ್ಲಿ ಮಾಡಬಾರದು.

ಮಾಡುವುದು ಸರಳ. ಕೂತಲ್ಲೇ ಒಂದು ನಿಮಿಷ ಜೋರಾಗಿ, ಬೇಗ ಬೇಗ, ಬಾಯಿಂದ ಉಸಿರಾಡುವುದು. ನಾನೂ ಅವರ ಜೊತೆ ಮಾಡಿದೆ. ಅರ್ಧ ನಿಮಿಷಕ್ಕೇ ಅವರ ಮುಖ ಬದಲಾಯಿತು. ಕೈ ಎತ್ತಿ ಬೆರಳುಗಳನ್ನೇ ನೋಡಿದರು. ಜುಮು ಹತ್ತಿತ್ತು. ತುಟಿಯ ಸುತ್ತಲೂ ಅದೇ. ಬಾಯಿ ಒಣಗಿತ್ತು. ಬಲಗೈ ನಾಡಿಯ ಕಡೆ ಹೊರಟಿತು, ಅರ್ಧಕ್ಕೆ ನಿಂತಿತು. "ಇದೇ ರೀ! ಬಸ್ಸಿನ್ಯಾಗ ಆಗಿದ್ದು ಇದೇ!"

ನಿಲ್ಲಿಸಿ ಸುಮ್ಮನೆ ಕೂತೆವು. ನೀರು ಕೊಡಲಿಲ್ಲ, ಫ್ಯಾನ್ ಜೋರು ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಇಳಿಯಿತು. ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಮೆದುಳಿನ ಕಡೆಯ ರಕ್ತನಾಳಗಳು ಸ್ವಲ್ಪ ಬಿಗಿಯಾಗುತ್ತವೆ. ತಲೆ ಸುತ್ತುವುದು, ಜುಮು ಹತ್ತುವುದು, ಉಸಿರು ಸಾಲದ ಹಾಗೆ ಅನಿಸುವುದು ಎಲ್ಲ ಇಂಗಾಲದ ಡೈಆಕ್ಸೈಡ್ ಹೀಗೆ ಕಡಿಮೆಯಾಗುವುದರಿಂದಲೇ. ಗಾಳಿ ಸಾಲದೇ ಆಗುವುದಲ್ಲ, ಜಾಸ್ತಿಯಾಗಿ ಆಗುವುದು.

ಅವರು ತಲೆ ತಗ್ಗಿಸಿದರು. "ಹಂಗಾದ್ರ ಇಷ್ಟು ದಿನ ನಾನೇ ಮಾಡ್ಕೊಂಡೆನೇನ್ರಿ? ಮನಿ ಮಂದಿನ್ನೆಲ್ಲ ಸುಮ್ನ ಕಾಡಿದೆ." ಇಂಥ ಕಡೆ ನಿಂತು ಮಾತಾಡಬೇಕು. ಉಸಿರು ಬೇಕಂತ ಮಾಡಿದ್ದಲ್ಲ. ಹೆದರಿದ ಯಾವ ಮನುಷ್ಯನ ಮೈಯೂ ಇದನ್ನೇ ಮಾಡುತ್ತದೆ. ಆಗಿದ್ದ ನೋವು ನಿಜ, ಹೆದರಿಕೆ ನಿಜ, ಅದರ ಕಾರಣ ಮಾತ್ರ ನೀವು ಅಂದುಕೊಂಡಿದ್ದಲ್ಲ. ಇದನ್ನು ಹೆಂಡತಿಯನ್ನೂ ಒಳಗೆ ಕರೆದು ಅವರ ಮುಂದೆಯೇ ಹೇಳಿದೆ. ಇಲ್ಲದಿದ್ದರೆ "ನಿನ್ನದೆಲ್ಲ ನಾಟಕ" ಅನ್ನುವ ಮಾತು ಮನೆಯಲ್ಲಿ ಹುಟ್ಟಿಕೊಳ್ಳುತ್ತದೆ. ನಾನು ಅದನ್ನು ಬೇರೆ ಮನೆಗಳಲ್ಲಿ ನೋಡಿದ್ದೇನೆ.

ಹೆಂಡತಿಗೂ ಒಂದು ಕೆಲಸ ಕೊಟ್ಟೆ. ದಿನವಿಡೀ "ಏನೂ ಆಗಂಗಿಲ್ಲ ತಗೋರಿ" ಅಂತ ಹೇಳಿ ಹೇಳಿ ಅವರಿಗೂ ಸಾಕಾಗಿತ್ತು. ಪ್ರೀತಿಯಿಂದಲೇ ಹೇಳುತ್ತಿದ್ದರು, ಆದರೆ ಆ ಮಾತು ಕೇಳದೆ ಇವರಿಗೆ ಒಂದು ಗಂಟೆ ಕಳೆಯುತ್ತಿರಲಿಲ್ಲ. ಇನ್ನು ಮೇಲೆ ಇವರು ಕೇಳಿದರೆ "ಕಿರ್ದ್ಯಾಗ ಬರೀರಿ" ಅನ್ನಬೇಕು, ಅಷ್ಟೇ. ಮೊದಲ ವಾರ ಇಬ್ಬರಿಗೂ ಜಗಳ ಆಯಿತು.

ಹೊರಗಿನ ಕೆಲಸ

ಉಳಿದದ್ದು ಹೊರಗೆ ನಡೆಯಿತು. ಸುಲಭದ್ದರಿಂದ ಕಷ್ಟದ್ದಕ್ಕೆ. ಮೊದಲು ನಮ್ಮ ಕಟ್ಟಡದ ಮೆಟ್ಟಿಲು, ಮೇಲಕ್ಕೆ ಕೆಳಕ್ಕೆ, ನಾಡಿ ಮುಟ್ಟದೆ. ಆಮೇಲೆ ಗುಡಿಯ ಒಳಗೆ, ಜನರ ನಡುವೆ. ಆಮೇಲೆ ಸವಾಲಿನ ಗದ್ದಲ. ಊರಿನ ಸೂಪರ್ ಮಾರ್ಕೆಟ್ ಪ್ರದೇಶದಿಂದ ಸಿಟಿ ಬಸ್ಸಿನಲ್ಲಿ ಮೊದಲ ಸಲ ಹೋದಾಗ ನಾನು ಜೊತೆಗಿದ್ದೆ, ಆದರೆ ಬೇರೆ ಸೀಟಿನಲ್ಲಿ. ಬಿದ್ದುಬಿಡುತ್ತೇನೆ ಅನ್ನೋ ಹೆದರಿಕೆ ಅವರಿಗಿತ್ತು. ಪ್ಯಾನಿಕ್‌ನಲ್ಲಿ ಸಾಮಾನ್ಯವಾಗಿ ಬಿಪಿ ಏರುತ್ತದೆ, ಎಚ್ಚರ ತಪ್ಪಿ ಬೀಳುವುದು ಬಿಪಿ ಇಳಿದಾಗ. ಇದನ್ನು ಮೊದಲೇ ಮಾತಾಡಿದ್ದೆವು. ಮಾತಿಗಿಂತ ನಿಂತು ನೋಡಿದ್ದು ಹೆಚ್ಚು ಕೆಲಸ ಮಾಡಿತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಮೊಬೈಲಿನಲ್ಲಿ ನೋಡಿ ನಿಧಾನ ಉಸಿರಾಟ ಕಲಿತಿದ್ದರು. ಒಳ್ಳೆಯದೇ. ಆದರೆ ಎದೆ ಸ್ವಲ್ಪ ಬಡಿದರೂ ಕಣ್ಣು ಮುಚ್ಚಿ ಅದನ್ನೇ ಮಾಡುತ್ತಾ ಕೂರುತ್ತಿದ್ದರು. ಆಗ ಅದೂ ಕಿಸೆಯ ಗುಳಿಗೆಯ ಹಾಗೇ ಆಗಿಬಿಡುತ್ತದೆ. ಪ್ರಾಣಾಯಾಮ ಬೆಳಿಗ್ಗೆ ಮಾಡಿ, ಹೆದರಿಕೆಗೆ ಉತ್ತರವಾಗಿ ಮಾಡಬೇಡಿ ಅಂತ ಹೇಳಬೇಕಾಯಿತು.

ಏಪ್ರಿಲ್ ಕೊನೆಗೆ ಎಲ್ಲ ಕೆಟ್ಟಿತು. ಕಲಬುರಗಿಯ ಬಿಸಿಲು ಗೊತ್ತಿರುವವರಿಗೆ ಹೇಳಬೇಕಿಲ್ಲ, 40 ಡಿಗ್ರಿ ದಾಟಿರುತ್ತದೆ. ಅಂಗಡಿಯಲ್ಲಿ ಕರೆಂಟ್ ಹೋಗಿತ್ತು. ಬೆವರು, ಬಾಯಿ ಒಣಗುವುದು, ಎದೆ ಬಡಿಯುವುದು, ತಲೆ ತಿರುಗುವುದು, ಪ್ಯಾನಿಕ್‌ನಲ್ಲಿ ಆಗುವುದನ್ನೆಲ್ಲ ಬಿಸಿಲೂ ಮಾಡುತ್ತದೆ. ರಾತ್ರಿ ಮತ್ತೆ ಆಸ್ಪತ್ರೆಗೆ ಓಡಿದರು, ಮತ್ತೆ ಇಸಿಜಿ. ಎಲ್ಲ ಹಾಳಾಯಿತು ಅಂತ ಕಿರ್ದಿಯನ್ನು ಮೇಜಿನ ಮೇಲೆ ಎಸೆದರು. ಪ್ಯಾನಿಕ್ ಬಗ್ಗೆ ಬರೆದ ಪುಸ್ತಕಗಳು ಹೆಚ್ಚಿನವು ತಂಪು ದೇಶದವು, ಬೇಸಿಗೆಯ ಮಾತು ಅವುಗಳಲ್ಲಿ ಅಷ್ಟಾಗಿ ಇರುವುದಿಲ್ಲ. ನಾವು ಕಿರ್ದಿಗೆ ಹೊಸ ಅಂಕಣ ಹಾಕಿದೆವು: ಬಿಸಿಲು ಎಷ್ಟಿತ್ತು, ನೀರು ಕುಡಿದಿದ್ದರಾ, ಊಟ ಆಗಿತ್ತಾ, ಚಹಾ ಎಷ್ಟು. ಬಿಸಿಲಲ್ಲಿ ನೀರು ಕುಡಿಯುವುದು ಮೈಯ ಅಗತ್ಯ. ಹೆದರಿ ಬಾಟಲಿ ಹಿಡಿದುಕೊಳ್ಳುವುದು ಬೇರೆ. ಎರಡನ್ನೂ ಅವರೇ ಬೇರೆ ಮಾಡಿ ಬರೆಯತೊಡಗಿದರು.

ಅಣ್ಣ

ಅಣ್ಣನ ಮಾತು ಬಂದಿದ್ದು ಮೇ ತಿಂಗಳಲ್ಲಿ. ಅದೇ ದಲಾಲಿ ಅಂಗಡಿಯಲ್ಲಿ ಮೊದಲು ಮುನೀಮರಾಗಿದ್ದವರು ಅವರ ಅಣ್ಣ. ಅಂಗಡಿಯಲ್ಲೇ ಹೃದಯಾಘಾತ ಆಗಿ ತೀರಿಕೊಂಡರು. ಆಗ ಅಣ್ಣನ ವಯಸ್ಸು 47. ತಮ್ಮನಿಗೆ ಮೊದಲ ಪ್ಯಾನಿಕ್ ಬಂದಿದ್ದು ಅದಾಗಿ ವರ್ಷ ತುಂಬುವ ಮೊದಲೇ. ಮೊದಲ ಭೇಟಿಯಲ್ಲೇ ಇದು ನನಗೆ ತಿಳಿದಿತ್ತು, ಆದರೆ "ಅದು ಮುಗದ ಮಾತ್ರಿ" ಅಂದಿದ್ದರು. ನಾನು ಎಳೆಯಲಿಲ್ಲ. ಮೈಯ ಹೆದರಿಕೆ ಸ್ವಲ್ಪ ಹಿಡಿತಕ್ಕೆ ಬರದೆ ಇಷ್ಟು ದೊಡ್ಡ ದುಃಖವನ್ನು ಬಿಚ್ಚಿಸುವುದು ಸರಿಯಲ್ಲ ಅನ್ನುವುದು ನನ್ನ ಅನುಭವ.

ಅಣ್ಣನನ್ನು ಮಣ್ಣು ಮಾಡಿದ ದಿನ ಯಾರೋ ಹಿರಿಯರು, "ನೀನೇ ಅತ್ರ ಮನಿ ಹ್ಯಾಂಗ? ಗಟ್ಟಿ ಆಗು" ಅಂದಿದ್ದರಂತೆ. ಅವತ್ತಿನಿಂದ ಅತ್ತಿಲ್ಲ. ಅಣ್ಣನ ಮಕ್ಕಳ ಫೀಸು, ಕೈಗಡ, ಅತ್ತಿಗೆಯ ಮನೆ, ಎಲ್ಲ ಹೊತ್ತರು. ಅಣ್ಣನ ಕುರ್ಚಿಯಲ್ಲಿ ಕೂತರು. ಅಣ್ಣ ಬರೆದ ಹಳೆಯ ಖಾತೆ ಪುಸ್ತಕ ಮಾತ್ರ ತೆರೆಯಲಿಲ್ಲ. ಹಳೆ ಬಾಕಿ ಏನಾದರೂ ನೋಡಬೇಕಾದರೆ ಹುಡುಗನಿಗೆ ಹೇಳುತ್ತಿದ್ದರು.

ಅದನ್ನು ಒಂದು ದಿನ ತಾವಾಗಿಯೇ ತಂದರು. ಓದಲಿಲ್ಲ, ಲೆಕ್ಕ ನೋಡಲಿಲ್ಲ. ಅಕ್ಷರದ ಮೇಲೆ ಬೆರಳಿಟ್ಟು ಅತ್ತರು. ನಾನು ಮಾತಾಡಲಿಲ್ಲ. ಆ ಗಂಟೆಯಲ್ಲಿ ಯಾವ ವಿಧಾನವೂ ಬೇಕಿರಲಿಲ್ಲ. ಅತ್ತಾಗ ಎದೆ ಜೋರಾಗಿ ಬಡಿದಿತ್ತು, ಅದನ್ನು ಅವರು ಗಮನಿಸಿಯೂ ಇರಲಿಲ್ಲ. ಮುಂದಿನ ವಾರ ಅವರೇ ಹೇಳಿದರು.

ಈಗ

ಜೂನ್‌ನಲ್ಲಿ ಒಬ್ಬರೇ ಬಸ್ಸಿನಲ್ಲಿ ಆಳಂದಕ್ಕೆ ಹೋಗಿ ಬಂದರು, ಸುಮಾರು 40 ಕಿಲೋಮೀಟರ್. ದಾರಿಯಲ್ಲಿ ಒಮ್ಮೆ ಎದೆ ಬಡಿಯಿತು, ಇಳಿಯಲಿಲ್ಲ. ಆಲ್‌ಪ್ರಾಜೋಲಂ ಪೂರ್ತಿ ನಿಂತಿದೆ. ಇನ್ನೊಂದು ಗುಳಿಗೆ ನಡೆಯುತ್ತಿದೆ, ಯಾವಾಗ ನಿಲ್ಲಿಸಬೇಕು ಅನ್ನುವುದು ಮನೋವೈದ್ಯರು ನೋಡಿಕೊಳ್ಳುವ ವಿಷಯ. ಪಿಎಚ್‌ಕ್ಯೂ-9ರ ಅಂಕ ಈಗ 5. ಗಂಡ ಹೆಂಡತಿ ಮತ್ತೆ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ರಾತ್ರಿ ರೈಲು ಮಾತ್ರ ಇನ್ನೂ ಆಗಿಲ್ಲ. ಮುಂಬೈಯಲ್ಲಿರುವ ತಂಗಿಯ ಮನೆಗೆ ಹೋಗುವುದು ಬಾಕಿ ಇದೆ.

ವಾರದ ಭೇಟಿ ನಿಂತು ತಿಂಗಳಿಗೊಮ್ಮೆ ಆಗಿದೆ. ಜನವರಿಯಲ್ಲಿ ಮಾತ್ರ ಹದಿನೈದು ದಿನಕ್ಕೊಮ್ಮೆ ಬರಬೇಕು ಅಂತ ಮಾತಾಗಿದೆ. ಆಗ ತೊಗರಿ ಬರುತ್ತದೆ, ನಿದ್ದೆ ಕಡಿಮೆ, ಚಹಾ ಜಾಸ್ತಿ. ಅವರಿಗೆ ಬೇಗ 48 ಕೂಡ ತುಂಬುತ್ತದೆ. ಆ ದಿನ ಅಂಗಡಿಯಲ್ಲೇ ಇರುತ್ತೇನೆ, ರಜೆ ಹಾಕುವುದಿಲ್ಲ ಅಂತ ಅವರೇ ಬರೆದುಕೊಂಡಿದ್ದಾರೆ.